ಮಾಯಮ್ಮ ಬಾಯಿಗಿಡದ ನೆಲನೆಲ್ಲಿ

ಹೊಣಕೆರೆ ಸುತ್ತಮುತ್ತ ಯಾರ ಕಣ್ಣು ಹಳದಿಯಾದರೂ ಮೊದಲು ನೆನೆಯುತ್ತಿದ್ದದ್ದು ಮಾಯಮ್ಮನನ್ನು. ಆಸ್ಪತ್ರೆಗೆ ಹೋಗುತ್ತಿರಲಿಲ್ಲ ಎಂದಲ್ಲ. ನಾಗಮಂಗಲದ ಬಸ್ಸು ನಿಲ್ಲುವ ಕಡೆಯೇ ಅವಳ ಮನೆ ಇದ್ದುದರಿಂದ, ಹೋಗುವಾಗ ಒಂದು ಗಳಿಗೆ ಅವಳ ಜಗಲಿಯಲ್ಲಿ ಕೂತು, ನೆಲನೆಲ್ಲಿ ಅರೆದು ಮಜ್ಜಿಗೆಯಲ್ಲಿ ಕದಡಿದ್ದನ್ನು ಮುಖ ಕಿವುಚಿಕೊಂಡು ಕುಡಿದು, ಆಮೇಲೆ ಬಸ್ಸು ಹತ್ತುತ್ತಿದ್ದರು. ವಾಸಿಯಾದ ಮೇಲೆ ಡಾಕ್ಟರಿಗೂ ಕೈಮುಗಿಯುತ್ತಿದ್ದರು, ಮಾಯಮ್ಮನಿಗೂ ಎಲೆ ಅಡಿಕೆ ತಂದು ಕೊಡುತ್ತಿದ್ದರು. ಯಾವುದರಿಂದ ವಾಸಿಯಾಯಿತು ಎಂದು ಯಾರೂ ಕೇಳುತ್ತಿರಲಿಲ್ಲ. ಮಾಯಮ್ಮನೂ ಕೇಳುತ್ತಿರಲಿಲ್ಲ.

ಅವಳ ತವರು ಕೆ.ಆರ್. ಪೇಟೆ ಕಡೆ. ಮದುವೆಯಾಗಿ ಬಂದಾಗ ಅವಳಿಗೆ ತುಂಬೆ ಯಾವುದು, ನೆಲನೆಲ್ಲಿ ಯಾವುದು ಎನ್ನುವುದೂ ತಿಳಿಯುತ್ತಿರಲಿಲ್ಲ. ಅತ್ತೆ ಮಾರಮ್ಮನಿಗೆ ಸೊಸೆಯ ಕೊರಳಿಗೆ ಏನಾದರೂ ಹಾಕುವಷ್ಟು ಅನುಕೂಲವಿರಲಿಲ್ಲ. ತನಗೆ ಗೊತ್ತಿದ್ದ ಸೊಪ್ಪನ್ನು ಹೇಳಿಕೊಟ್ಟಳು. ಊರ ಹಿಂದಿನ ಗುಡ್ಡಕ್ಕೆ ಕರೆದುಕೊಂಡು ಹೋಗಿ, ಪುಟ್ಟ ಗಿಡವೊಂದನ್ನು ಮಗುಚಿ ತೋರಿಸಿದಳು. ಎಲೆಯ ಅಡಿಯಲ್ಲಿ ಸಾಸಿವೆಗಿಂತ ಒಂದಿಷ್ಟು ದೊಡ್ಡ ಕಾಯಿ ಸಾಲಾಗಿ ನೇತಾಡುತ್ತಿದ್ದವು.

"ನೋಡ್ದಾ, ಬೆನ್ನಲ್ಲಿ ಕಾಯಿ ಕಟ್ಕೊಂಡೈತೆ. ಇದೇಯ. ಕೀಳೋ ಮುಂಚೆ ಕೈಮುಗಿ. ಕುಡ್ಲು ಸೋಕುಸ್ಬ್ಯಾಡ. ಗದ್ದೆ ಬದೀದು ಕೀಳ್ಬ್ಯಾಡ, ಗೊಬ್ಬರ ತಿಂದು ಕೊಬ್ಬಿರ್ತದೆ, ಸತ್ವ ಇರಕಿಲ್ಲ. ಇನ್ನೊಂದು, ಯಾರ್ಗಾದ್ರೂ ಕೊಡೋಕ್ ಮುಂಚೆ ನೀನು ಒಂದು ಕಡ್ಡಿ ಅಗಿದು ನುಂಗ್ಬೇಕು. ನಿನ್ ಬಾಯ್ಗೆ ಆಗ್ದಿದ್ದನ್ನ ಇನ್ನೊಬ್ರಿಗೆ ಕೊಡ್ಬಾರ್ದು ಕಣಮ್ಮಿ."

ಮಾಯಮ್ಮ ಅಷ್ಟು ವರ್ಷ ಹಾಗೇ ಮಾಡಿದಳು. ಕಹಿ ಅಗಿದು ಅಗಿದು ಅವಳ ನಾಲಿಗೆಗೆ ಅದು ಕಹಿ ಎನ್ನುವುದೇ ಮರೆತಿತ್ತು. ಅತ್ತೆ ಹೋದಳು. ಗಂಡ ಚಿಕ್ಕಸ್ವಾಮಿಗೆ ಬೀಡಿಯಿಂದ ಗಂಟಲಲ್ಲಿ ಗಂಟಾಯಿತು. ಕ್ಯಾನ್ಸರ್ ಎಂದರು. ಅವನಿಗೂ ನೆಲನೆಲ್ಲಿ ಕುಡಿಸಲು ಹೋದಳು. ಮಜ್ಜಿಗೆ ಗಂಟಲಲ್ಲಿ ಇಳಿಯದೆ ಕಟವಾಯಿಯಿಂದ ಹೊರಗೆ ಬಂತು. ಅವನು ಕೈಸನ್ನೆ ಮಾಡಿ ಲೋಟ ದೂರ ಇಡಿಸಿದ. ಅವನು ತೀರಿಕೊಂಡ ಮೇಲೆ, ಆ ಕಾಯಿಲೆಯ ಹೆಸರು ಕೇಳಿದರೆ ಮಾಯಮ್ಮ ಎದ್ದು ಒಳಗೆ ಹೋಗುತ್ತಿದ್ದಳು.

ಅಂಥವಳ ಜಗಲಿಗೆ ಪ್ರಿಯಾಂಕ ಬಂದು ಆ ಕಾಯಿಲೆಯ ಮಾತನ್ನೇ ಎತ್ತಿದಳು.

ಪ್ರಿಯಾಂಕ ಅದೇ ಬೀದಿಯ ದ್ಯಾವಯ್ಯನ ಮೊಮ್ಮಗಳು. ಚಿಕ್ಕವಳಿದ್ದಾಗ ಅವಳಿಗೂ ಕಾಮಾಲೆಯಾಗಿ, ಮಾಯಮ್ಮನ ಸೆರಗು ಹಿಡಿದುಕೊಂಡು ಕುಡಿಯುವುದಿಲ್ಲ ಎಂದು ರಂಪ ಮಾಡಿ, ಕೊನೆಗೆ ಕುಡಿದಿದ್ದಳು. ಆ ಮನೆಯಲ್ಲಿ ಹತ್ತನೇ ಕ್ಲಾಸು ದಾಟಿದವಳು ಅವಳೊಬ್ಬಳೇ. ಈಗ ಶ್ರೀರಂಗಪಟ್ಟಣದಾಚೆ ಹೆದ್ದಾರಿ ಪಕ್ಕದ ಒಂದು ಕಾಲೇಜಿನಲ್ಲಿ ಸಂಶೋಧನೆ ಮಾಡುತ್ತಿದ್ದಳು, ಗಂಜಾಂನಲ್ಲಿ ರೂಮು.

"ಮಾಯಜ್ಜಿ, ನಿನ್ನ ನೆಲನೆಲ್ಲಿ ಬೇಕು ನಂಗೆ. ಅದರ ಸತ್ವ ತೆಗ್ದು ಕ್ಯಾನ್ಸರ್ ಸೆಲ್ಲುಗಳ ಮೇಲೆ ಹಾಕಿ ನೋಡ್ತೀವಿ."

"ಸೆಲ್ಲು ಅಂದ್ರೆ ಟಾರ್ಚಿಗಾಕೋದಾ?"

"ಅಲ್ಲಜ್ಜಿ! ಗೋಡೆಗೆ ಇಟ್ಟಿಗೆ ಇದ್ದಂಗೆ ನಮ್ಮ ಮೈಗೆ ಅವು. ಕಣ್ಣಿಗೆ ಕಾಣಲ್ಲ. ಕ್ಯಾನ್ಸರ್ ಬಂದಿರೋ ಅಂಥವನ್ನ ನಾವು ಗಾಜಿನ ತಟ್ಟೇಲಿ ಸಾಕ್ತೀವಿ."

"ಸಾಕ್ತೀರಾ!" ಮಾಯಮ್ಮ ಕೆನ್ನೆಯ ಮೇಲೆ ಕೈಯಿಟ್ಟುಕೊಂಡಳು. "ಜನ ಅದು ಬ್ಯಾಡಪ್ಪಾ ಅಂತ ಕಂಡ್ಕಂಡ ದೇವ್ರಿಗೆಲ್ಲ ಅರಕೆ ಒತ್ಕೊತಾವ್ರೆ, ನೀವು ಅದಕ್ಕೆ ಉಣ್ಣಾಕೆ ಬೇರೆ ಇಕ್ತೀರಾ?"

"ಇಕ್ತೀವಿ. ದಿನಾ ನೋಡ್ಕೋಬೇಕು. ಇಲ್ದಿದ್ರೆ ಮುನಿಸ್ಕೊಂಡು ಸತ್ತೋಗ್ತವೆ."

"ನಿಮ್ಮಪ್ಪನ್ನ ಯಾವತ್ತಾದ್ರೂ ಅಂಗೆ ನೋಡ್ಕೊಂಡಿದ್ದೀಯೇನಮ್ಮಿ?"

ಇಬ್ಬರೂ ನಕ್ಕರು. ಆಮೇಲೆ ಪ್ರಿಯಾಂಕ ಬಿಡಿಸಿ ಹೇಳಿದಳು. ನಮ್ಮ ಮೈಯ ಒಂದೊಂದು ಕೋಶಕ್ಕೂ ತಾನು ಯಾವಾಗ ಸಾಯಬೇಕು ಎನ್ನುವುದು ಗೊತ್ತಿರುತ್ತದೆ. ಹಳೆಯದು ತನ್ನಷ್ಟಕ್ಕೆ ಮುದುಡಿ, ಚೂರುಚೂರಾಗಿ, ಸದ್ದಿಲ್ಲದೆ ಜಾಗ ಬಿಡುತ್ತದೆ, ಹೊಸದು ಬರುತ್ತದೆ. ಕ್ಯಾನ್ಸರ್ ಆದ ಕೋಶಕ್ಕೆ ಈ ಸಾಯುವುದೇ ಮರೆತುಹೋಗಿರುತ್ತದೆ. ಸಾಯದೆ ಒಂದರ ಮೇಲೊಂದು ಬೆಳೆಯುತ್ತಲೇ ಹೋಗುತ್ತದೆ. ಕೆಲವು ಗಿಡಗಳಲ್ಲಿರುವ ಸತ್ವ ಅದಕ್ಕೆ ಸಾಯುವುದನ್ನು ಮತ್ತೆ ನೆನಪು ಮಾಡಿಕೊಡಬಹುದೇನೋ. ನೋಡುವುದು ಅದನ್ನೇ.

"ಅಂದ್ರೆ ಇಸ ಆಕಿ ಸಾಯ್ಸೋದಲ್ಲ?"

"ಅಲ್ಲ. ವಿಷ ಹಾಕಿದ್ರೆ ಯಾವುದಾದ್ರೂ ಸಾಯ್ತದೆ, ಒಳ್ಳೇದೂ ಸಾಯ್ತದೆ. ಕೆಟ್ಟದ್ದು ಮಾತ್ರ, ಅದರಷ್ಟಕ್ಕೆ ಅದೇ ಸಾಯ್ಬೇಕು. ಅದಕ್ಕೇ ಹೇಳ್ತಿರೋದು ಅಜ್ಜಿ, ಗುಡ್ಡದ್ದೇ ಆಗ್ಬೇಕು. ಹೊಲಗದ್ದೇದು ಬೇಡವೇ ಬೇಡ, ಔಷಧಿ ಹೊಡ್ದಿರ್ತಾರೆ. ನೀನಾದ್ರೆ ನಂಗೆ ಭಯ ಇಲ್ಲ."

ಮಾಯಮ್ಮ ಚಿಕ್ಕಸ್ವಾಮಿಯ ಗಂಟಲನ್ನು ನೆನೆದಳು. ಅವತ್ತು ಅವಳು ಎದ್ದು ಒಳಗೆ ಹೋಗಲಿಲ್ಲ.

ಮಳೆಗಾಲ ಮುಗಿಯುವ ಹೊತ್ತಿಗೆ ಗುಡ್ಡದಿಂದ ಮೊದಲ ಗಂಟು ಕಿತ್ತು ತಂದು, ಅತ್ತೆ ಹೇಳಿಕೊಟ್ಟಂತೆ ಒಂದು ಕಡ್ಡಿ ಅಗಿದು, ನೆರಳಲ್ಲಿ ಒಣಗಿಸಿ ಕಳಿಸಿದಳು. ಪ್ರಿಯಾಂಕ ಫೋನು ಮಾಡಿ, ಸ್ವಲ್ಪ ಕೆಲಸ ಮಾಡಿದೆ ಅಜ್ಜಿ, ಒಂದಷ್ಟು ಮುದುಡಿವೆ, ಬಹಳ ಅಲ್ಲ, ಎಂದಳು. ಬಹಳ ಅಲ್ಲ ಎನ್ನುವ ಮಾತನ್ನು ಅವಳು ಖುಷಿಯಿಂದಲೇ ಹೇಳಿದ್ದು ಮಾಯಮ್ಮನಿಗೆ ಅರ್ಥವಾಗಲಿಲ್ಲ. ಅದನ್ನೇ ಇನ್ನೊಂದು ಸಲ ಮಾಡಿ ತೋರಿಸಬೇಕು, ಇನ್ನೊಂದು ಗಂಟು ಬೇಕು ಎಂದು ಬೇಸಿಗೆಯಲ್ಲಿ ಮತ್ತೆ ಫೋನು ಬಂತು.

ಬೇಸಿಗೆಯಲ್ಲಿ ಹೊಣಕೆರೆಯ ಗುಡ್ಡದಲ್ಲಿ ಏನಿರುತ್ತದೆ? ಮಳೆ ನಂಬಿದ ಸೀಮೆ. ಯುಗಾದಿ ಹೊತ್ತಿಗೆ ನೆಲನೆಲ್ಲಿ ಉದುರಿ ಮಣ್ಣಾಗಿರುತ್ತದೆ. ಮಾಯಮ್ಮ ಒಂದು ಸಲ ಹತ್ತಿ ನೋಡಿದಳು. ಬಂಡೆಯ ಸಂದಿಯಲ್ಲಿ ಎಲ್ಲೋ ಒಂದೊಂದು ಕಡ್ಡಿ ಸಿಕ್ಕಿತು, ಒಂದು ಹಿಡಿಯೂ ಆಗಲಿಲ್ಲ. ಇಳಿಯುವಾಗ ಮಂಡಿ ಹಿಡಿದುಕೊಂಡು, ಮನೆ ಸೇರುವಷ್ಟರಲ್ಲಿ ಕಣ್ಣಲ್ಲಿ ನೀರು ಬಂತು. ಸಿಕ್ಕಲಿಲ್ಲ ಕಣವ್ವ, ಮಳೆ ಬರಲಿ ಎಂದು ಹೇಳಬಹುದಿತ್ತು. ಹೇಳಲಿಲ್ಲ. ಇಷ್ಟು ದಿನ ಕೇಳಿದವರಿಗೆ ಇಲ್ಲ ಎಂದವಳಲ್ಲ ಅವಳು. ಅದರ ಮೇಲೆ, ಕಾಲೇಜಿನವರು ಕೂಡ ತನ್ನನ್ನು ಕಾಯುತ್ತಿದ್ದಾರೆ ಎನ್ನುವ ಒಂದು ಸಣ್ಣ ಜಂಬವೂ ಇತ್ತು.

ಹಬ್ಬಕ್ಕೆಂದು ಮಗಳು ಸೋಮಮ್ಮನ ಮನೆಗೆ ಕ್ಯಾತನಹಳ್ಳಿಗೆ ಹೋದಳು. ಪಾಂಡವಪುರದ ನಾಲೆ ಸೀಮೆ ಅದು. ಹೊಣಕೆರೆಯ ಕಣ್ಣಿಗೆ ಅಲ್ಲಿ ಬೇಸಿಗೆಯೇ ಇಲ್ಲ. ಅಳಿಯ ದೇವರಾಜುವಿನ ಕಬ್ಬಿನ ಗದ್ದೆಯಲ್ಲಿ ಎಳೆಯ ಕಬ್ಬು, ಸಾಲಿನ ನಡುವೆ ತೇವ, ಆ ತೇವದಲ್ಲಿ ಹೊಸದಾಗಿ ಹಾಸಿದ ಚಾಪೆಯ ಹಾಗೆ ನೆಲನೆಲ್ಲಿ. ಮಾಯಮ್ಮ ಬದುವಿನ ಮೇಲೆ ನಿಂತು ನೋಡಿದಳು. ಅವಳ ಗುಡ್ಡದ ಗಿಡ ಬೆರಳುದ್ದ ಬೆಳೆಯಲು ಒದ್ದಾಡುತ್ತಿತ್ತು. ಇಲ್ಲಿ ಕಣಕಾಲಿಗೆ ಬಡಿಯುತ್ತಿತ್ತು.

"ಅತ್ತೆ, ಆ ಸಾಲ್ಗೆ ಇಳೀಬ್ಯಾಡಿ," ದೇವರಾಜು ಪಂಪ್‌ಸೆಟ್ ಮನೆಯ ಹತ್ತಿರದಿಂದ ಕೂಗಿದ. "ಸುಳಿಹುಳ ಬಿದ್ದಿತ್ತು, ಮೊನ್ನೆ ಔಸ್ತಿ ಒಡ್ದಿವ್ನಿ."

"ಮೊನ್ನೆ ತಾನೇನಪ್ಪಾ? ಈ ಬಿಸ್ಲಿಗೆ ಎಲ್ಲಾ ಓಗಿರ್ತದೆ ಬುಡು."

"ದನಕ್ಕೆ ಆಕೋಕಾ?"

"ದನಕ್ಕಲ್ಲ."

"ಮನುಸ್ರಿಗಂತೂ ಕೊಟ್ಟೀರಾ ಮತ್ತೆ!"

"ಮನುಸ್ರಿಗೂ ಅಲ್ಲ ಕಣಪ್ಪಾ. ಗಾಜಿನ ತಟ್ಟೆಗಂತೆ."

ಹೇಳಿ ನಕ್ಕಳು. ದೇವರಾಜು ತಲೆ ಕೊಡವಿ ತನ್ನ ಕೆಲಸಕ್ಕೆ ಹೋದ. ಸೊಪ್ಪು ಕೀಳುವಾಗ ಮಾಯಮ್ಮನಿಗೆ ಔಷಧಿಯ ವಾಸನೆ ಬಂತು. ಮೂಗಿಗೆ ಬಂದದ್ದನ್ನು ಮನಸ್ಸಿಗೆ ಬಿಡಲಿಲ್ಲ. ನಾಲೆಯ ನೀರಿನಲ್ಲಿ ಎರಡೆರಡು ಸಲ ಜಾಲಿಸಿದಳು. ಮಗಳ ಮನೆಯ ಪಡಸಾಲೆಯಲ್ಲಿ ಹರವಿ ಒಣಗಿಸಿದಳು. ಗಂಟು ಕಟ್ಟುವ ಮೊದಲು, ಅಭ್ಯಾಸದಂತೆ ಕೈ ತಾನೇ ಒಂದು ಕಡ್ಡಿಯನ್ನು ಎತ್ತಿ ಬಾಯಿಯ ಹತ್ತಿರ ತಂದಿತು. ಅಲ್ಲಿಗೆ ನಿಂತಿತು. ಮಾಯಮ್ಮ ಆ ಕಡ್ಡಿಯನ್ನು ಗಂಟಿಗೇ ಹಾಕಿ ಬಿಗಿಯಾಗಿ ಕಟ್ಟಿದಳು.

ಗಂಟು ತೆಗೆದುಕೊಂಡು ಹೋಗಲು ಬಂದ ಪ್ರಿಯಾಂಕ ಸೊಪ್ಪನ್ನು ಮೂಸಿ ನೋಡಿ, "ಈ ಸಲ ಎಷ್ಟು ಸೊಂಪಾಗೈತಜ್ಜಿ! ಗುಡ್ಡದ್ದೇ ತಾನೇ?" ಎಂದಳು.

"ಗುಡ್ಡದ್ದೇ ಕಣವ್ವ. ಇನ್ನೆಲ್ಲಿಂದು?"

ಕೆಲವು ದಿನ ಕಳೆದು ಫೋನು ಬಂತು. ಆ ಕಡೆ ಪ್ರಿಯಾಂಕ ಕುಣಿಯುತ್ತಿದ್ದ ಹಾಗಿತ್ತು.

"ಮಾಯಜ್ಜೀ, ಸತ್ತೋದ್ವು! ಎಲ್ಲಾ ಸತ್ತೋದ್ವು! ಒಂದೂ ಉಳೀಲಿಲ್ಲ! ನಮ್ಮ ಮೇಡಮ್ಮೇ ಮೂರ್ಸಲ ನೋಡಿದ್ರು. ಲ್ಯಾಬಿಗೆಲ್ಲ ನಾನೇ ಮೈಸೂರ್‌ಪಾಕು ಹಂಚಿದೆ. ನಿಂಗೂ ತತ್ತೀನಿ ತಾಳು."

ಮಾಯಮ್ಮ ಒಲೆಯ ಮುಂದೆ ಕೂತಿದ್ದಳು. ಹಾಲು ಉಕ್ಕಿ ಒಲೆಗೆ ಬಿತ್ತು. ಅವಳು ಇಳಿಸಲಿಲ್ಲ.

"ಒಳ್ಳೇದಾತು ಕಣವ್ವ," ಎಂದಳು.

ಆ ಮೈಸೂರುಪಾಕು ಬಂದಾಗ ಅವಳು ತಿನ್ನಲಿಲ್ಲ. ಅದನ್ನು ಪಕ್ಕದ ಮನೆಯ ಸಿದ್ದಲಿಂಗಮ್ಮನಿಗೆ ಕೊಟ್ಟಳು. ಸಿದ್ದಲಿಂಗಮ್ಮ ತಿನ್ನುತ್ತಾ, "ಮಾಯಕ್ಕ, ನಿನ್ ಸೊಪ್ಪಿಂದ ಕ್ಯಾನ್ಸರೇ ಸತ್ತೋಯ್ತಂತೆ! ದ್ಯಾವಯ್ಯ ಟೀ ಅಂಗ್ಡೀಲಿ ಯೋಳ್ಕೊಂಡ್ ತಿರುಗ್ತಾವ್ನೆ. ಇನ್ಮ್ಯಾಲೆ ನಿನ್ ಮನೆ ಮುಂದೆ ಕಾರುಗಳು ನಿಂತ್ಕೊತವೆ ನೋಡು, ನಮ್ಮುನ್ನೆಲ್ಲ ಮಾತಾಡ್ಸೀಯೋ ಇಲ್ವೋ," ಎಂದಳು. ಮಾಯಮ್ಮ ಕಸ ಗುಡಿಸುತ್ತಿದ್ದಳು. ಗುಡಿಸಿದ ಜಾಗವನ್ನೇ ಮತ್ತೆ ಗುಡಿಸುತ್ತಿದ್ದಳು. ಗಾಜಿನ ತಟ್ಟೆಯಲ್ಲಿ ಸತ್ತದ್ದು ಯಾವುದರಿಂದ ಎಂದು ಈ ಭೂಮಿಯ ಮೇಲೆ ಗೊತ್ತಿದ್ದದ್ದು ಅವಳೊಬ್ಬಳಿಗೆ. ಅವಳಿಗೂ ಪೂರ್ತಿ ಗೊತ್ತು ಎಂದಲ್ಲ. ನಾಲೆಯಲ್ಲಿ ಜಾಲಿಸಿದೆನಲ್ಲ, ಸೊಪ್ಪಿನ ಸತ್ವವೇ ಇದ್ದರೂ ಇರಬಹುದು, ಕೊಬ್ಬಿದ ಗಿಡವಲ್ಲವೇ ಎಂದು ತನಗೆ ತಾನೇ ಹೇಳಿಕೊಳ್ಳುತ್ತಿದ್ದಳು. ಹಾಗೆ ಹೇಳಿಕೊಂಡಾಗಲೆಲ್ಲ, ಬಾಯಿಯ ತನಕ ಬಂದು ನಿಂತ ಆ ಕೈ ಕಣ್ಣ ಮುಂದೆ ಬರುತ್ತಿತ್ತು.

ಮುಂಗಾರು ಶುರುವಾಗುವ ಮೊದಲು ಒಂದು ಶನಿವಾರ ಪ್ರಿಯಾಂಕ ಊರಿಗೆ ಬಂದಳು. ಬ್ಯಾಗು ದೊಡ್ಡದಿತ್ತು. ಮನೆಗೂ ಹೋಗದೆ ನೇರವಾಗಿ ಮಾಯಮ್ಮನ ಜಗಲಿಗೆ ಬಂದು ಕೂತಳು. ಕಣ್ಣು ಊದಿದ್ದವು.

"ಏನಾತವ್ವ?"

"ಒಳ್ಳೇವೂ ಸತ್ತೋದ್ವು ಅಜ್ಜಿ."

ಒಳ್ಳೆಯ ಕೋಶಗಳ ಮೇಲೆ ಅದೇ ಸತ್ವವನ್ನು ಹಾಕಿ ನೋಡಿದ್ದಳಂತೆ. ಅವೂ ಸತ್ತವು. ಮುದುಡಿ ಸಾಯಲಿಲ್ಲ, ಒಡೆದು ಸತ್ತವು. ಮೇಡಂ ಮೊದಲಿನ ಗಂಟಿನ ಲೆಕ್ಕವನ್ನೂ ಈಗಿನದನ್ನೂ ಪಕ್ಕಪಕ್ಕ ಇಟ್ಟುಕೊಂಡು ಕೇಳಿದರಂತೆ: ಅದೇ ಗಿಡ, ಅದೇ ಗುಡ್ಡ, ಅದೇ ಕೈ, ಇಷ್ಟು ವ್ಯತ್ಯಾಸ ಹೇಗೆ ಬಂತು? ಫಲಿತಾಂಶ ಚೆನ್ನಾಗಿ ಕಾಣಲಿ ಅಂತ ನೀನೇನಾದರೂ ಬೆರೆಸಿದೆಯಾ?

"ಎಲ್ಲರ ಮುಂದೆ ಕೇಳಿದ್ರಜ್ಜಿ. ಅಲ್ಲಿ ನನ್ನಂಥೋಳು ನಾನೊಬ್ಳೇ ಇರೋದು. ಇವಳು ಹೆಂಗೆ ಇಲ್ಲಿವರ್ಗೂ ಬಂದ್ಳು ಅಂತ ಮೊದಲೇ ನೋಡ್ತಿದ್ರು." ಅವಳು ತನ್ನ ಕೈಗಳನ್ನು ತಿರುಗಿಸಿ ನೋಡಿಕೊಂಡಳು. "ನಾನೇ ಎಲ್ಲೋ ತಪ್ಪು ಮಾಡಿರ್ಬೇಕು. ಬಾಟ್ಲು ಸರ್ಯಾಗಿ ತೊಳ್ದಿಲ್ವೇನೋ. ಜ್ಞಾಪಿಸ್ಕೊಂಡು ಜ್ಞಾಪಿಸ್ಕೊಂಡು ತಲೆ ಕೆಟ್ಟೋಗೈತೆ. ಸೋಮವಾರ ಉತ್ತರ ಕೊಡು, ಇಲ್ದಿದ್ರೆ ಈ ಕೆಲ್ಸ ಬಿಟ್ಟು ಹೋಗು ಅಂದವ್ರೆ. ಅಪ್ಪ ಆಗ್ಲೇ ಸಾಕು ಬಾ, ಗಂಡು ನೋಡ್ತೀವಿ ಅಂತಾವ್ನೆ."

ಹೇಳಲು ಅದೇ ಗಳಿಗೆ. ಮಾಯಮ್ಮನ ಬಾಯಿ ತೆರೆಯಿತು.

"ಉಂಡ್ಯೇನವ್ವ?" ಎಂದಳು.

ಮುದ್ದೆ ಮಾಡಿದಳು, ಹುರುಳಿಕಾಳಿನ ಸಾರು ಬಿಸಿ ಮಾಡಿದಳು. ಪ್ರಿಯಾಂಕ ಸಾರಿನಲ್ಲಿ ಬೆರಳಾಡಿಸುತ್ತಾ, "ನೀನೊಬ್ಳೇ ಅಜ್ಜಿ ನಂಗೆ ಧೈರ್ಯ. ಸೊಪ್ಪಿನ ವಿಷ್ಯ ಕೇಳಿದ್ದಕ್ಕೆ, ಅದನ್ನ ಮಾತ್ರ ಕೇಳ್ಬ್ಯಾಡಿ ಮೇಡಂ, ಅದನ್ನ ತಂದೋಳು ನಮ್ಮಜ್ಜಿ ಅಂದೆ," ಎಂದಳು. ಮಾಯಮ್ಮ ಇನ್ನೊಂದು ಸೌಟು ಸಾರು ಬಿಡುವ ನೆಪದಲ್ಲಿ ಮುಖ ತಿರುಗಿಸಿದಳು. ಹುಡುಗಿ ಎದ್ದು ತನ್ನ ಮನೆಗೆ ಹೋಗುವವರೆಗೂ ಮಾಯಮ್ಮ ಮಾತಾಡಿದ್ದೆಲ್ಲ ಊಟದ್ದೇ.

ಭಾನುವಾರ ಪ್ರಿಯಾಂಕ ಗಂಜಾಂಗೆ ವಾಪಸು ಹೋದಳು. ಮಾಯಮ್ಮನಿಗೆ ಆ ದಿನ ಹೇಗೆ ಕಳೆಯಿತೋ. ಜಗಲಿಗೆ ಒಬ್ಬರು ಕಾಮಾಲೆಯ ಮಗುವನ್ನು ಎತ್ತಿಕೊಂಡು ಬಂದರು. ಮಾಯಮ್ಮ, "ಸೊಪ್ಪಿಲ್ಲ, ಆಸ್ಪತ್ರೆಗೇ ಓಗಿ," ಎಂದು ಕಳಿಸಿಬಿಟ್ಟಳು. ಅವರು ಅನುಮಾನದಿಂದ ತಿರುಗಿ ತಿರುಗಿ ನೋಡಿಕೊಂಡು ಹೋದರು.

ಸೋಮವಾರ ಬೆಳಗಿನ ಮೊದಲ ಬಸ್ಸಿಗೆ ಹತ್ತಿದಳು. ಕೈಯಲ್ಲಿ ಒಂದು ಸಣ್ಣ ಪೊಟ್ಟಣ: ಕ್ಯಾತನಹಳ್ಳಿಯ ಸೊಪ್ಪಿನಲ್ಲಿ ಉಳಿದದ್ದು. ಬಿಸಾಡಬೇಕು ಎಂದುಕೊಂಡು ಬಿಸಾಡಿರಲಿಲ್ಲ. ನಾಗಮಂಗಲದಲ್ಲಿ ಬಸ್ಸು ಬದಲಿಸಿ, ಪಾಂಡವಪುರ ದಾಟುವಾಗ ಕಬ್ಬಿನ ಗದ್ದೆಗಳ ಕಡೆ ನೋಡಲಾಗದೆ ಕಣ್ಣು ಮುಚ್ಚಿಕೊಂಡಳು. ಶ್ರೀರಂಗಪಟ್ಟಣದಲ್ಲಿ ಇಳಿದು ಗಂಜಾಂಗೆ ಆಟೋ ಹಿಡಿದಳು. ಪ್ರಿಯಾಂಕಳ ರೂಮಿನ ಬೀದಿ ಸಿಗುವ ಮೊದಲೇ ನಿಮಿಷಾಂಬೆಯ ಗುಡಿ ಸಿಕ್ಕಿತು. ಕಾಲು ಅಲ್ಲಿಗೆ ಎಳೆಯಿತು. ಕೇಳಿದ್ದನ್ನು ನಿಮಿಷದಲ್ಲಿ ನಡೆಸಿಕೊಡುವ ತಾಯಿ ಎನ್ನುತ್ತಾರೆ. ಸಾಲಿನಲ್ಲಿ ನಿಂತು ಗರ್ಭಗುಡಿಯ ಮುಂದೆ ಬಂದಾಗ, ಏನು ಕೇಳಬೇಕು ಎಂದೇ ಅವಳಿಗೆ ತಿಳಿಯಲಿಲ್ಲ. ಹೇಳದೇ ಇದು ಮುಗಿಯಲಿ ಎಂದು ಕೇಳಬೇಕು ಎನ್ನಿಸಿತು. ಅದನ್ನು ದೇವರ ಮುಂದೆ ಬಾಯಿಬಿಟ್ಟು ಕೇಳುವುದು ಹೇಗೆ? ಹಿಂದಿನವರು, "ಮುಂದೆ ನಡೀರಮ್ಮ," ಎಂದು ನೂಕಿದರು. ಏನೂ ಕೇಳದೆ ಹೊರಗೆ ಬಂದಳು.

ಪ್ರಿಯಾಂಕ ಕಾಲೇಜಿಗೆ ಹೊರಟು ಬಾಗಿಲಿಗೆ ಬೀಗ ಹಾಕುತ್ತಿದ್ದಳು.

"ಅಜ್ಜಿ! ನೀನಿಲ್ಲಿ? ಮಂಡಿ ಬ್ಯಾರೆ ನೋವು..."

"ಅದು ಗುಡ್ಡದ್ದಲ್ಲ ಕಣವ್ವ."

"ಯಾವುದು?"

"ಸೊಪ್ಪು. ನಮ್ ದೇವರಾಜು ಕಬ್ಬಿನ್ ಗದ್ದೇದು. ಔಸ್ತಿ ಒಡ್ದಿದ್ದ. ಇಳೀಬ್ಯಾಡಿ ಅಂತಾನೂ ಅಂದ. ನಾನು ಇಳ್ದೆ."

ಪ್ರಿಯಾಂಕಳ ಕೈಯಲ್ಲಿ ಬೀಗದ ಕೈ ಹಾಗೇ ಇತ್ತು.

"ತೊಳ್ದಿದ್ಯಾ?"

"ನಾಲೇಲಿ ಜಾಲ್ಸಿದ್ದೆ."

"ಮತ್ತೆ ಹೋಗಿರ್ಬೋದಲ್ಲ. ಅದರಿಂದ್ಲೇ ಅಂತ ನಿಂಗೆ ಹೆಂಗೆ ಗೊತ್ತು?" ಹುಡುಗಿಯ ದನಿಯಲ್ಲಿ ಇನ್ನೂ ಅಜ್ಜಿಯನ್ನು ಕಾಪಾಡುವ ಆಸೆ ಇತ್ತು.

"ಗೊತ್ತಿಲ್ಲ ಕಣವ್ವ. ಆದ್ರೆ ಅವತ್ತು ನಾನು ಅದನ್ನ ಬಾಯ್ಗೆ ಇಡ್ಲಿಲ್ಲ."

ಮಾಯಮ್ಮನ ಬಾಯಿಗೆ ಮೊದಲು ಹೋಗದೆ ಆ ಸೊಪ್ಪು ಯಾರಿಗೂ ಹೋಗುವುದಿಲ್ಲ ಎನ್ನುವುದು ಆ ಬೀದಿಯ ಮಕ್ಕಳಿಗೂ ಗೊತ್ತು. ಪ್ರಿಯಾಂಕ ಬಾಗಿಲಿಗೆ ಒರಗಿ ನಿಂತಳು. ಆಮೇಲೆ, "ನಡಿ, ಮೇಡಂಗೆ ಹೇಳು," ಎಂದಳು. ಆಟೋದಲ್ಲಿ ಇಬ್ಬರ ನಡುವೆ ಪೊಟ್ಟಣ ಕೂತಿತ್ತು.

ಮೇಡಂ ಕುರ್ಚಿ ತೋರಿಸಿದರು. ಮಾಯಮ್ಮ ಕೂರಲಿಲ್ಲ. ನಿಂತೇ ಎಲ್ಲವನ್ನೂ ಹೇಳಿದಳು: ಗುಡ್ಡ ಒಣಗಿದ್ದು, ಮಂಡಿ, ಗದ್ದೆ, ವಾಸನೆ, ಸುಳ್ಳು. "ಈ ಮಗೀದು ಏನೂ ತಪ್ಪಿಲ್ಲ ತಾಯಿ. ಗುಡ್ಡದ್ದೇ ತಾನೇ ಅಂತ ಕೇಳಿದ್ಳು. ನಾನೇ ಅವಳ ಮೊಖ ನೋಡ್ಕೊಂಡು ಊಂ ಅಂದೆ." ಮೇಡಂ ಪೊಟ್ಟಣವನ್ನು ಒಂದು ಕವರಿಗೆ ಹಾಕಿಸಿ, ಇದರಲ್ಲಿ ಕೀಟನಾಶಕ ಇದೆಯೋ ಇಲ್ಲವೋ ಪರೀಕ್ಷೆ ಮಾಡಿಸೋಣ ಎಂದರು. ಇದೇ ಸೊಪ್ಪನ್ನು ಊರಲ್ಲಿ ಯಾರಿಗಾದರೂ ಕುಡಿಸಿದ್ದೀರಾ ಎಂದೂ ಕೇಳಿದರು.

"ಇಲ್ಲ ತಾಯಿ. ಮನುಸ್ರಿಗೆ ಕೊಡ್ಲಿಲ್ಲ."

ಆಗ ಪ್ರಿಯಾಂಕ ಬಾಯಿಬಿಟ್ಟಳು. ಜೋರಾಗಿ ಅಲ್ಲ.

"ಮನುಷ್ಯರಿಗೆ ಕೊಡಬಾರ್ದು ಅಂತ ಗೊತ್ತಿತ್ತು. ನಂಗೆ ಕೊಟ್ಯಲ್ಲಜ್ಜಿ."

ಮಾಯಮ್ಮ ಕಾಲೇಜಿನ ನುಣುಪಾದ ನೆಲವನ್ನು ನೋಡುತ್ತಾ ನಿಂತಳು. ಕಣ್ಣೀರು ಬರಲಿಲ್ಲ. ಬಂದಿದ್ದರೆ ಹಗುರವಾಗುತ್ತಿತ್ತೇನೋ.

ಪೊಟ್ಟಣದಲ್ಲಿ ಕೀಟನಾಶಕ ಇತ್ತು. ಅದನ್ನು ಫೋನಿನಲ್ಲಿ ಹೇಳಿದ್ದು ಪ್ರಿಯಾಂಕಳ ಅಪ್ಪ. ಮಗಳ ಮೇಲಿದ್ದ ಅನುಮಾನ ಹೋಯಿತಂತೆ, ಮೊದಲಿಂದ ಮತ್ತೆ ಮಾಡು ಎಂದರಂತೆ. ಟೀ ಅಂಗಡಿಯಲ್ಲಿ ದ್ಯಾವಯ್ಯ ಕ್ಯಾನ್ಸರಿನ ಮಾತು ನಿಲ್ಲಿಸಿದ. ಮಾಯಮ್ಮನ ಮುಂದೆ ಹಾದುಹೋಗುವಾಗ ಮೊದಲಿನಂತೆ, "ಏನವ್ವೋ ಮಾಯವ್ವ, ಬದುಕಿದ್ದೀಯಾ," ಎಂದು ಕೂಗುವುದನ್ನೂ ನಿಲ್ಲಿಸಿದ. ಅವನಾದರೂ ಬಂದು ಬೈದುಬಿಡಲಿ ಎಂದು ಅವಳು ಎಷ್ಟೋ ದಿನ ಜಗಲಿಯಲ್ಲಿ ಕಾದಳು.

ಮಳೆ ಹಿಡಿದು ಗುಡ್ಡ ಹಸಿರಾದ ಮೇಲೆ ಒಂದು ಬೆಳಗ್ಗೆ ಪ್ರಿಯಾಂಕಳೇ ಬಂದಳು. ಒಳಗೆ ಬರಲಿಲ್ಲ. "ಜಾಗ ತೋರಿಸ್ತೀಯಾ?" ಎಂದಳು. ಮಾಯಮ್ಮ ಚಪ್ಪಲಿ ಮೆಟ್ಟಿಕೊಂಡು ಹಿಂದೆಯೇ ಹೊರಟಳು. ಏರಿನಲ್ಲಿ ಹುಡುಗಿ ಒಂದೆರಡು ಕಡೆ ನಿಂತು ಕಾದಳು, ಕೈ ಕೊಡಲಿಲ್ಲ. ಮೇಲೆ ಬಂಡೆಯ ಬುಡದಲ್ಲಿ ನೆಲನೆಲ್ಲಿ ಎದ್ದಿತ್ತು. ಮಾಯಮ್ಮ ಕೈಮುಗಿದು ಬಗ್ಗಿದಳು.

"ನೀನು ಕೂತ್ಕೋ ಅಜ್ಜಿ. ತೋರ್ಸು ಸಾಕು. ನಾನೇ ಕಿತ್ಕೊತೀನಿ."

ಮಂಡಿನೋವಿಗೆ ಹೇಳಿದ ಮಾತಲ್ಲ ಅದು ಎಂದು ಮಾಯಮ್ಮನಿಗೆ ತಿಳಿಯಿತು. ಬಂಡೆಯ ಮೇಲೆ ಕೂತು, ಅಲ್ಲಿ ಐತೆ, ಆ ಕಳ್ಳಿ ಪಕ್ಕ ನೋಡು ಎಂದು ಬೆರಳು ತೋರಿಸುತ್ತಾ ಹೋದಳು. ಪ್ರಿಯಾಂಕ ಒಂದೊಂದನ್ನೂ ಬೇರು ಸಮೇತ ಎಬ್ಬಿಸಿ, ಮಗುಚಿ, ಎಲೆಯ ಬೆನ್ನು ನೋಡಿ, ಚೀಲಕ್ಕೆ ಹಾಕುತ್ತಿದ್ದಳು. ಬಹಳ ಹೊತ್ತಾದ ಮೇಲೆ ತಿರುಗದೆಯೇ ಕೇಳಿದಳು:

"ಈ ಕೆಳಗಡೆ ಯಾರ್ದಾದ್ರೂ ಹೊಲ ಐತಾ? ಗಾಳೀಲಿ ಬಂದಿರ್ಬೋದಾ?"

"ಕೆಳಗೆ ಮಾದಪ್ಪನ ರಾಗಿ ಹೊಲ ಐತೆ. ರಾಗಿಗೆ ಏನೂ ಒಡೆಯಾಕಿಲ್ಲ." ಹೇಳಿ, ಮಾಯಮ್ಮ ತಡೆದಳು. "ಈ ಸಲ ಒಡ್ದವ್ನೋ ಇಲ್ವೋ ನಂಗೊತ್ತಿಲ್ಲ. ಕೇಳ್ಬೇಕು."

ಪ್ರಿಯಾಂಕ ತಿರುಗಿ ಅವಳನ್ನು ಒಂದು ಗಳಿಗೆ ನೋಡಿದಳು.

"ಸರಿ. ಇಳೀತಾ ಕೇಳ್ಕೊಂಡೇ ಹೋಗೋಣ," ಎಂದು ಮತ್ತೆ ಬಗ್ಗಿದಳು.

ಇಳಿಯುವಾಗ ಮಾಯಮ್ಮ ಚೀಲಕ್ಕೆ ಕೈ ಚಾಚಿದಳು. ಭಾರ ಇಲ್ಲ ಬಿಡಜ್ಜಿ ಎಂದು ಪ್ರಿಯಾಂಕ ಅದನ್ನು ಇನ್ನೊಂದು ಹೆಗಲಿಗೆ ಬದಲಿಸಿಕೊಂಡಳು. ಮಾಯಮ್ಮ ಬರಿಗೈಯಲ್ಲಿ, ಮಾದಪ್ಪ ಹೊಲದಲ್ಲಿದ್ದಾನೋ ಎಂದು ಕೆಳಗೆ ನೋಡಿಕೊಳ್ಳುತ್ತಾ ಅವಳ ಹಿಂದೆ ಇಳಿದಳು.